ಮಣಿಕಟ್ಟು

ಮುಚ್ಚಿದ ಮಿಲ್ಲಿನ ಗೋದಾಮಿನಲ್ಲಿ
ಬುಧವಾರ, ಶನಿವಾರ, ಬೆಳಗಿನ ಐದೂವರೆಗೆ
ನಾವು ಬೀಳುತ್ತೇವೆ.

ಮೊದಲ ತಿಂಗಳು ಬೀಳುವುದೊಂದೇ.
ಗದ್ದ ಎದೆಗೆ, ಬೆನ್ನು ದುಂಡಗೆ;
ತಾಡಪಾಲಿನಡಿಯ ಹಳೇ ಹತ್ತಿಗೆ
ನಮ್ಮ ಹೆಗಲಿನ ಪರಿಚಯವಾಗಬೇಕಂತೆ ಮೊದಲು.
ರುದ್ರಮುನಿ ಮೇಷ್ಟ್ರು ಎಣಿಸುತ್ತಾರೆ:
ಇಚಿ, ನಿ, ಸಾನ್,
ಅಲ್ಲಿಗೆ ಅವರ ಜಪಾನು ಮುಗಿದು
ನಾಲ್ಕು, ಐದು.

ಹೊಡೆಯೋದು ಯಾವಾಗ ಸಾರ್, ಕೇಳಿದ್ದೆ.
ಹರಿಹರದ ರೂಟಿನಲ್ಲಿ ಹನ್ನೊಂದು ವರ್ಷದ ಕಂಡಕ್ಟರ್ ನಾನು.
ಯಾರ್ಯಾರಿಗೆ ಎಲ್ಲೆಲ್ಲಿ ಅಂತ
ಒಂದು ಪಟ್ಟಿಯೇ ಇತ್ತು ತಲೆಯಲ್ಲಿ,
ಸ್ಟೇಜುಗಳ ಸಮೇತ.

"ಐಕಿಡೊದಾಗೆ ಹೊಡೆಯೋದಿಲ್ಲಮ್ಮ.
ಮೈಮೇಲೆ ಬಂದೋನಿಗೆ ದಾರಿ ಬಿಡೋದೈತಿ.
ಬಿಟ್ಟು, ಅವನ ಪಕ್ಕದಾಗೇ ನಿಲ್ಲೋದೈತಿ."

ಇದಕ್ಕಾ ಐನೂರು ರೂಪಾಯಿ ಫೀಸು?

ಜೈತುನಬಿ ನನ್ನ ಜೋಡಿ.
ಮಂಡಕ್ಕಿ ಭಟ್ಟಿಯಿಂದ ನೇರ ಬರುತ್ತಾಳೆ,
ತೋಳಿನಲ್ಲಿ ಹೊಟ್ಟಿನ ಹೊಗೆ.
ಕಾದ ಮರಳು ಮಗುಚಿದ ಅಂಗೈ;
ಹಿಡಿದರೆ ಇಕ್ಕಳ.
ಎಳೆದೆ, ಕೊಸರಿದೆ,
ಮಣಿಕಟ್ಟು ಅನ್ನುವ ಮಾತಿನಲ್ಲಿ
ಮಣಿಯೋದೂ ಇದೆ ಕಟ್ಟೋದೂ ಇದೆ,
ನನ್ನದಕ್ಕೆ ಎರಡೂ ಬರಲಿಲ್ಲ.
"ಬಸ್ಸಿನಾಗೆ ಹೆಂಗ್ ನಿಲ್ತೀರಿ?" ಅಂದರು ಮೇಷ್ಟ್ರು.
ಅಷ್ಟೇ.

ಬಸ್ಸು ತಿರುಗಿದರೆ ತಿರುಗುತ್ತೇನೆ.
ಬ್ರೇಕು ಬಿದ್ದರೆ ಮಂಡಿ ಸಡಿಲ.
ಒಂದು ಕೈಯಲ್ಲಿ ಮಷೀನು, ಒಂದರಲ್ಲಿ ಚಿಲ್ಲರೆ,
ಕಂಬ ಹಿಡಿದ ನೆನಪೇ ಇಲ್ಲ.
ಹಾಗೇ ನಿಂತೆ. ಸೊಂಟ ಹೊರಳಿತು.
ಜೈತುನಬಿ ಅರ್ಧ ಸುತ್ತು ಬಂದು
ಮೆಲ್ಲಗೆ ಕೂತಳು ಹಾಸಿನ ಮೇಲೆ,
ಸೀಟು ಸಿಕ್ಕವಳ ಹಾಗೆ.
"ಯಾ ಅಲ್ಲಾ, ಟಿಕೆಟ್ ಕೊಡಕ್ಕ" ಅಂದಳು.

ಆಮೇಲೆ ಐದು ತಿಂಗಳು
ಬಸ್ಸಿನಲ್ಲಿ ಯಾರೂ ನನ್ನ ಕೈ ಹಿಡಿಯಲಿಲ್ಲ.
ಕಾಯುತ್ತಿದ್ದೆ ಅಂದರೂ ಸುಳ್ಳಲ್ಲ.
ಹಿಂದಿನ ಸೀಟಿನ ಕುಡುಕ ಸಹಿತ
ಸರಿಯಾದ ಚಿಲ್ಲರೆ ಕೊಟ್ಟು ಇಳಿದುಹೋದ.

ಹಿಡಿದದ್ದು ನಾನು.
ರಾತ್ರಿ ಹನ್ನೊಂದು, ಅಡುಗೆಮನೆ,
ಮಗಳು ಗಾನವಿ, ಅವಳ ಫೋನು,
ಅದರಲ್ಲಿ ಯಾರದೋ ಹೆಸರು.
ಎದುರುತ್ತರ ಕೊಟ್ಟಳು. ಹಿಡಿದೆ.
ಎಷ್ಟು ಸಣ್ಣ ಮಣಿಕಟ್ಟು,
ನನ್ನ ಬೆರಳು ಸುತ್ತಿ ಇನ್ನೂ ಉಳಿದಿತ್ತು.
ಒಳಗೆ ನಾಡಿ ಹೊಡೆದುಕೊಳ್ಳುತ್ತಿತ್ತು,
ಮುಚ್ಚಿದ ಬಾಗಿಲು ಯಾರೋ ತಟ್ಟಿದ ಹಾಗೆ.
ಅವಳು ಎಳೆಯಲಿಲ್ಲ, ಕೊಸರಲಿಲ್ಲ.
ನೋಡಿದಳು.

ಹಿಡಿಸಿಕೊಂಡವರು ಬಿಡಿಸಿಕೊಳ್ಳೋದು ಕಲಿಸಿದ್ದಾರೆ ಮೇಷ್ಟ್ರು.
ಹಿಡಿದವರು ಬಿಡೋದು ಹೇಗೆ,
ಆ ಪಾಠ ಇನ್ನೂ ಬಂದಿಲ್ಲ.

ಕಾಲು ತಾನಾಗಿ ಹೊರಳಿತು.
ಅವಳ ಪಕ್ಕಕ್ಕೆ ಬಂದು ನಿಂತೆ.
ಅವಳು ನೋಡುವ ಕಡೆಗೇ ಈಗ ನನ್ನ ಮುಖ:
ಸಿಂಕು, ಎರಡು ತಟ್ಟೆ,
ತೊಟ್ಟಿಕ್ಕುವ ನಲ್ಲಿ.
ಬಾಯಿಯೊಳಗೇ ಎಣಿಸಿದೆ,
ಕಿರುಬೆರಳಿಂದ ಶುರುಮಾಡಿ
ಇಚಿ,
ನಿ,
ಸಾನ್,
ನಾಲ್ಕು.

ಹೆಬ್ಬೆರಳು ತಡಮಾಡಿತು.