ಬಾಡಿಗೆದಾರರು ಗಮನಿಸತಕ್ಕದ್ದು

ಸಭಾಭವನವನ್ನು ಇದ್ದ ಹಾಗೆಯೇ ಹಿಂದಿರುಗಿಸತಕ್ಕದ್ದು.
ಇದು ಮೊದಲನೆಯ ನಿಯಮ, ನನಗಿಂತ ಮೊದಲೇ ಇದ್ದದ್ದು.
ಹೇಗಿತ್ತು ಎಂದು ಮಾತ್ರ ಯಾರೂ ಬರೆದಿಟ್ಟಿಲ್ಲ.

ಮೂವತ್ತೊಂದು ವರ್ಷದಿಂದ ಬೀಗದಕೈ
ನನ್ನ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿದೆ.
ಸಮಿತಿ ಹೇಳಿತು: ಹಿಲ್ಡಾ, ಈ ನಾಲ್ಕು ಪುಟ ಯಾರು ಓದುತ್ತಾರೆ,
ಒಂದು ಪುಟಕ್ಕೆ ಇಳಿಸು.
ಇಳಿಸಲು ಇದೇನು ಜ್ವರವೆ?
ಒಂದೊಂದು ನಿಯಮ ಟೈಪು ಮಾಡುವಾಗಲೂ
ಒಂದೊಂದು ಮುಖ ಎದುರಿಗೆ ಬಂದು ಕೂರುತ್ತದೆ.

ಏಳನೆಯದು: ಗೋಡೆಗೆ ಅಂಟುಪಟ್ಟಿ ಹಚ್ಚಕೂಡದು.
ಅದು ಮೇವಿಸ್ ಥ್ರೆಲ್‌ಫಾಲಳ ಮಗಳ ಮದುವೆಯದು.
ಕಾಗದದ ಹೂವು ಕೀಳುವಾಗ ಹಸಿರು ಬಣ್ಣ ಹಕ್ಕಳೆಯೆದ್ದು ಬಂತು,
ಹಸಿರಿನ ಕೆಳಗೆ ಕೆನೆ, ಕೆನೆಯ ಕೆಳಗೆ ಯುದ್ಧಕಾಲದ ಕಂದು.
ಆ ಮದುವೆ ಮುರಿದು ಹನ್ನೆರಡು ವರ್ಷವಾಯಿತು.
ಕಂದು ಕಲೆ ಗಟ್ಟಿಯಾಗಿದೆ.

ಒಂಬತ್ತನೆಯದು: ಕುರಿಗಳನ್ನು ಒಳಗೆ ತರಕೂಡದು.
ನಗಬೇಡಿ, ಕ್ರಿಸ್‌ಮಸ್ ನಾಟಕಕ್ಕೆ
ನಿಜವಾದ ಕುರಿಯೇ ಬೇಕೆಂದಿದ್ದರು ಪಾದ್ರಿ.
ನಾವು ಚಾಪೆಯ ಕೆಳಗೆ ತೂರಿದರೆ ಜನ ರಂಗೋಲಿಯ ಕೆಳಗೆ:
ಮರುವರ್ಷ ಮೇಕೆ ಬಂತು.
‘ನಾಲ್ಕು ಕಾಲಿನ ಯಾವುದೇ ಪ್ರಾಣಿ’ ಎಂದು ತಿದ್ದಿದೆ.
ಕೋಳಿ ಪ್ರದರ್ಶನದವರು ಬುಟ್ಟಿ ತೆರೆದು
ಕಾಲು ಎಣಿಸಿ ತೋರಿಸಿದರು.

ರಾತ್ರಿ ಹನ್ನೊಂದಕ್ಕೆ ಸಂಗೀತ ನಿಲ್ಲತಕ್ಕದ್ದು.
ಪಕ್ಕದ ಮನೆಯ ಆಸ್ಬರ್ಟ್ ಪಿಕ್‌ಥಾಲ್
ನಿದ್ದೆಗೆಟ್ಟು ಬರೆದ ಹದಿನೇಳು ಪತ್ರಗಳ ಫಲ.
ಆತ ಈಗ ಇಗರ್ಜಿಯ ಹಿಂದೆ
ಯಾವ ಡೋಲಿಗೂ ಏಳದಂತೆ ಮಲಗಿದ್ದಾನೆ.
ನಿಯಮ ಎಚ್ಚರವಾಗಿದೆ.

ಇಷ್ಟು ಟೈಪು ಮಾಡುವಷ್ಟರಲ್ಲಿ ಬಾಗಿಲು ತಟ್ಟಿದವನು ವಿಲ್ಫ್ರಿಡ್ ರೇನ್.
ಮಂಗಳವಾರ, ಮೂರರಿಂದ ನಾಲ್ಕು, ಆರು ವಾರ.
ಜನಸಂಖ್ಯೆ: ಒಂದು.
ಉದ್ದೇಶ ಎಂಬಲ್ಲಿ ಒಂದು ಗೆರೆ ಎಳೆದಿದ್ದ.
ಉದ್ದೇಶವಿಲ್ಲದ ಅರ್ಜಿ ಪರಿಗಣಿಸಲಾಗದು, ಐದನೆಯದು, ಎಂದೆ.
‘ವೈಯಕ್ತಿಕ’ ಎಂದು ಬರೆದ, ಕಾಗುಣಿತ ತಪ್ಪಿ.
ಠೇವಣಿ ಇಪ್ಪತ್ತು ಪೌಂಡು ಎಣಿಸಿಟ್ಟ, ನಾಣ್ಯಗಳಲ್ಲಿ.

ನೋಡಬಾರದಿತ್ತು ನಾನು. ಆದರೆ ಚಹಾ ಕೊಡುವ ಕಿಂಡಿ
ಪೂರ್ತಿ ಮುಚ್ಚುವುದಿಲ್ಲ
(ಹದಿಮೂರನೆಯದು: ಕಿಂಡಿಯ ಮೇಲೆ ಬಲಪ್ರಯೋಗ ಸಲ್ಲದು).

ಪರದೆಗಳೆಲ್ಲ ಎಳೆದಿದ್ದವು. ಕುರ್ಚಿಗಳು ಗೋಡೆಗೆ ಒರಗಿದ್ದವು.
ನಡುವೆ ಆಗ್ನೆಸಳ ಸೈಕಲ್ಲು, ಮುಂದೆ ಬೆತ್ತದ ಬುಟ್ಟಿ,
ಅದರ ಮೇಲೆ ಎಪ್ಪತ್ತೊಂದರ ವಿಲ್ಫ್ರಿಡ್,
ಬೈಬಲ್ಲಿನ ಮೇಲೆ ಕೈಯಿಟ್ಟವನಂತೆ ಬಿಗಿದು.
ಅವಳಿರುವ ತನಕ ಕಾರು ಅವಳೇ ಓಡಿಸುತ್ತಿದ್ದಳು.
ನಮ್ಮ ಕಣಿವೆಯ ಬಸ್ಸು ಮಾರ್ಚಿನಲ್ಲಿ ನಿಂತಿತು.

ಬಿದ್ದ.
ಎದ್ದ.
ಜಟ್ಟಿಯ ಮೀಸೆ ಮಣ್ಣಾಗಬಾರದೆಂದೇ ಅಲ್ಲವೆ ಪರದೆ ಎಳೆದದ್ದು!
ಬ್ಯಾಡ್ಮಿಂಟನ್ ಅಂಕಣದ ಬಿಳಿ ಗೆರೆ ಹಿಡಿದು ಹೊರಟ,
ಗೆರೆ ನೇರ ಹೋಯಿತು, ಇವನು ಪಿಯಾನೋ ಕಡೆಗೆ ಹೋದ.
ನಾಲ್ಕನೆಯ ಮಂಗಳವಾರ ಮೊಣಕಾಲಿಗೆ ಬಟ್ಟೆ ಸುತ್ತಿ ಬಂದಿದ್ದ.
ಆರನೆಯದಕ್ಕೆ ಒಂದು ಪೂರ್ತಿ ಸುತ್ತು.
ವೇದಿಕೆಯ ಮುಂದೆ ತಿರುಗುವಾಗ
ಗಂಟೆ ಬಾರಿಸಿದ, ಒಮ್ಮೆ,
ಖಾಲಿ ಕುರ್ಚಿಗಳು ದಾರಿ ಬಿಡಲೆಂದು.

ನಾನು ಕೆಟಲಿಗೆ ನೀರು ತುಂಬುತ್ತಿದ್ದೆ.
ಸಿಂಕು ತುಂಬಿ ನನ್ನ ಶೂ ನೆನೆದ ಮೇಲೆ ನಲ್ಲಿ ನಿಲ್ಲಿಸಿದೆ.

ಹೊಳಪು ಕೊಟ್ಟ ಹಲಗೆಯ ಮೇಲೆ ಈಗ ಟೈರಿನ ಕರಿ ಗುರುತು,
ಅರ್ಧ ಚಂದ್ರದಷ್ಟು ಬಾಗಿದ್ದು.
ಖಜಾಂಚಿ ಬಗ್ಗಿ ಬೆರಳಿಂದ ಉಜ್ಜಿ ನೋಡಿ ಕೇಳಿದ: ಇದು ಯಾರದ್ದು?
ಹಳೆಯದು, ಎಂದೆ. ನನ್ನ ಬಾಯಿಗೆ ಅಷ್ಟು ಸುಲಭವಾಗಿ
ಯಾವ ಸುಳ್ಳೂ ಬಂದಿರಲಿಲ್ಲ.
ಇಪ್ಪತ್ತು ಪೌಂಡು ಅದೇ ಲಕೋಟೆಯಲ್ಲಿ ವಾಪಸು ಹೋಯಿತು,
‘ಇದ್ದ ಹಾಗೆಯೇ ಇದೆ’ ಎಂದು ನನ್ನ ರುಜುವಿನೊಂದಿಗೆ.

ನಾಲ್ಕು ಪುಟ ನಾಲ್ಕೇ ಪುಟವಾಗಿ ಉಳಿದಿದೆ.
ಚಕ್ರಗಳ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ಗುರುವಾರ, ಸಂತೆಯ ದಿನ,
ವಿಲ್ಫ್ರಿಡ್ ನನ್ನ ಕಿಟಕಿಯ ಮುಂದೆ ಹಾದುಹೋದ.
ಕೈ ಬೀಸಲಿಲ್ಲ.
ಎರಡು ಕೈಯೂ ಹ್ಯಾಂಡಲ್ಲಿನ ಮೇಲಿದ್ದವು.