ಹಗ್ಗದ ಗಾಡಿಯವನು

ಹತ್ತೊಂಬತ್ತು ವರ್ಷ ನಾನು ಜನರನ್ನು ಎತ್ತಿದವನು.
ವಾಲ್ಪರೈಸೊದ ಗುಡ್ಡದ ಮೈಗೆ ಎರಡು ಮರದ ಡಬ್ಬಿ,
ಒಂದು ಇಳಿದರೆ ಒಂದು ಏರುತ್ತದೆ.
ನಡುವೆ ಉಕ್ಕಿನ ಹಗ್ಗ, ಮೇಲೆ ದೊಡ್ಡ ಚಕ್ರ,
ಚಕ್ರದ ಪಕ್ಕ ಸ್ಟೂಲು, ಸ್ಟೂಲಿನ ಮೇಲೆ ನಾನು.
ಮೀನಿನ ಬುಟ್ಟಿ, ತುಂಬು ಬಸುರಿಯರು,
ಒಮ್ಮೆ ಒಂದು ಪಿಯಾನೊ, ಒಮ್ಮೆ ಒಂದು ಹೆಣ,
ಎಲ್ಲರನ್ನೂ ಎತ್ತಿದೆ,
ಕೂತಲ್ಲೇ.

ಹಗ್ಗದ ಎಳೆ ಬಿಚ್ಚಿಕೊಂಡಿದೆಯೆಂದು ನಗರಸಭೆ ಬೀಗ ಹಾಕಿತು.
'ರಿಪೇರಿ' ಎಂದು ಬೋರ್ಡು. ಬೋರ್ಡಿಗೂ ತುಕ್ಕು.
ಆಮೇಲೆ ಯಾವಾಗಲೋ ನನ್ನೊಳಗಿನದೂ ನಿಂತಿತು.
ದುಃಖವಲ್ಲ ಅದು.
ದುಃಖಕ್ಕಾದರೆ ಒಂದು ಮುಖವಿರುತ್ತದೆ, ಎದುರು ಕೂತು ಅಳಬಹುದು.
ಇದು ಎರಡು ಡಬ್ಬಿಯೂ ಕೆಳಗೇ ನಿಂತ ಹಾಗೆ.
ಯಂತ್ರದಲ್ಲಿ ಹಾಗಾಗಲು ಸಾಧ್ಯವೇ ಇಲ್ಲ.
ಮನುಷ್ಯನಲ್ಲಿ ಆಗುತ್ತದೆ.

ಒಂದು ಕಾಲುಚೀಲ ಹಾಕಿ
ಇನ್ನೊಂದನ್ನು ಕೈಯಲ್ಲಿ ಹಿಡಿದು
ಮಧ್ಯಾಹ್ನದವರೆಗೆ ಕೂತಿದ್ದೆ, ಮಂಚದ ಅಂಚಲ್ಲಿ.
ಬೀದಿಯಲ್ಲಿ ಗ್ಯಾಸಿನ ಹುಡುಗ ಸಿಲಿಂಡರ್ ಬಡಿಯುತ್ತ ಹೋದ,
ಟಣ್ ಟಣ್ ಟಣ್,
ಯಾರದೋ ಮನೆಯಲ್ಲಿ ಒಲೆ ಹೊತ್ತಿಕೊಂಡಿತು.

ಡಾಕ್ಟರಮ್ಮ ಒಕಾರಾನ್ಸಾ, ನನ್ನ ಮಗಳ ವಯಸ್ಸಿನವಳು,
ಇದರ ಹೆಸರು ಖಿನ್ನತೆ ಎಂದಳು,
ಬಹಳ ದಿನದ ಪರಿಚಯವಿರುವವಳ ಹಾಗೆ.
ಮಾತ್ರೆ ಬರೆದಳು. ಅದರ ಕೆಳಗೆ
ಅದೇ ಚೀಟಿ, ಅದೇ ಕೆಟ್ಟ ಅಕ್ಷರ:
ದಿನಾ ಮೆಟ್ಟಿಲು.
ಊಟಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದೆ.
ಆಕೆ ನಗಲಿಲ್ಲ.
'ಬೇಡ ಅನ್ನಿಸಿದಾಗ,' ಎಂದಳು.

ಹಳಿಯ ಮಗ್ಗುಲಲ್ಲೇ ಮೆಟ್ಟಿಲು.
ನೂರ ಎಪ್ಪತ್ತೆರಡು ಅಂತ ಊರು ಹೇಳುತ್ತದೆ,
ನಾನು ಎಣಿಸಿದವನಲ್ಲ.
ಮೊದಲ ದಿನ ಹನ್ನೊಂದು. ಕೂತುಬಿಟ್ಟೆ.
ತುವೆರ್ಕಾ ಎಂಬ ಬೀದಿನಾಯಿ ಬಂದು
ನನ್ನ ಶೂ ಮೂಸಿ, ಇವನಿನ್ನೂ ಬೆಚ್ಚಗಿದ್ದಾನೆ ಎಂಬಂತೆ ನೋಡಿ, ಹೋಯಿತು.
ದೋನ್ಯಾ ಎಲ್ಸಿರಾ, ಎಪ್ಪತ್ತನಾಲ್ಕು ತುಂಬಿದವಳು,
ಆಲೂಗಡ್ಡೆ ಚೀಲ ಹೊತ್ತು ನನ್ನನ್ನು ದಾಟುತ್ತ
'ಏನು ಎಲೆಉತೇರಿಯೋ, ಗಾಡಿ ಕೆಟ್ಟಿತೇ?' ಅಂದಳು.

ಮರುದಿನ ಹೋಗಲಿಲ್ಲ.
ಅದರ ಮರುದಿನವೂ.
ಹೋದೆನೆಂದು ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ,
ಸುಳ್ಳಿನ ಭಾರ ತಾಳದೆ ಹೋದೆ.

ಈಗ ಗೊತ್ತು: ಇಪ್ಪತ್ತಮೂರನೆಯದು ಅಲುಗಾಡುತ್ತದೆ.
ನಲವತ್ತರ ಮೇಲೆ ಯಾರೋ ನೀಲಿ ಬಣ್ಣ ಚೆಲ್ಲಿದ್ದಾರೆ.
ತಿರುವಿನಲ್ಲಿ ಉಚ್ಚೆಯ ವಾಸನೆ, ಅಲ್ಲಿ ನಿಲ್ಲುವಂತಿಲ್ಲ,
ಉಪಕಾರವೇ ಆಯಿತು.
ತೊಂಬತ್ತರ ಹತ್ತಿರ ಗಂಟಲಲ್ಲಿ ಗರಗಸ,
ಕಿವಿಯಲ್ಲಿ ಕಮ್ಮಾರಸಾಲೆ,
ತೊಡೆ ಎರಡೂ ಹಸಿ ಕಟ್ಟಿಗೆಯಂತೆ ಹೊಗೆಯಾಡುತ್ತವೆ.
ಆ ಏದುಸಿರಿನಲ್ಲಿ, ಒಂದು ಗಳಿಗೆ,
ನನ್ನ ಬಗ್ಗೆ ಯೋಚಿಸಲು ನನಗೇ ಪುರುಸೊತ್ತಿಲ್ಲ.
ಸುಖವಲ್ಲ ಅದು.
ರಜೆ.

ಮೆಟ್ಟಿದರೆ ಮೆಟ್ಟಿಲು, ಇಲ್ಲದಿದ್ದರೆ ಗೋಡೆ,
ಹೀಗೆಲ್ಲ ಹೇಳಿಕೊಳ್ಳುವುದುಂಟು, ಇಳಿಯುವಾಗ.
ಏರುವಾಗ ಮಾತಿಲ್ಲ.
ಒಂದು ಕಾಲು ಕೆಳಗೆ ಊರಿದ್ದಕ್ಕೇ
ಇನ್ನೊಂದು ಮೇಲೆ.
ಇಷ್ಟು ವರ್ಷ ಆ ಯಂತ್ರದ ಪಕ್ಕ ಕೂತಿದ್ದರೂ
ಎರಡು ಡಬ್ಬಿ ನನ್ನ ಸೊಂಟದ ಕೆಳಗೇ ಇದ್ದದ್ದು ಕಂಡಿರಲಿಲ್ಲ.

ಜುಲೈಯಲ್ಲಿ ಒಮ್ಮೆ ತುದಿ ಮುಟ್ಟಿದೆ. ನೂರ ಅರವತ್ತೊಂಬತ್ತು.
ಊರಿನ ಲೆಕ್ಕ ತಪ್ಪೋ ನನ್ನದೋ.
ಬೀಗದ ಕೋಣೆಯ ಗಾಜಿಗೆ ಹಣೆ ಒತ್ತಿ ನೋಡಿದೆ:
ಸ್ಟೂಲು ಅಲ್ಲೇ ಇತ್ತು. ಅದರ ಮೇಲೆ ದೂಳು ಕೂತಿತ್ತು,
ನಾನು ಕೂರುತ್ತಿದ್ದ ಹಾಗೆಯೇ, ಸ್ವಲ್ಪ ಎಡಕ್ಕೆ ವಾಲಿ.
ಕೆಳಗೆ ಬಂದರು, ಹಡಗುಗಳು, ಯಾವುದಕ್ಕೂ ನನ್ನ ಸುದ್ದಿ ಬೇಕಿರಲಿಲ್ಲ.
ಹಸಿವಾಯಿತು.
ಎಷ್ಟು ತಿಂಗಳಾಗಿತ್ತು, ಹಸಿವಾಗಿ!

ವಾಸಿಯಾಯಿತೇ ಎಂದು ಕೇಳುತ್ತಾರೆ.
ಮಾತ್ರೆ ಇನ್ನೂ ಇದೆ, ಅಡುಗೆಮನೆ ಕಿಟಕಿಯಲ್ಲಿ, ಉಪ್ಪಿನ ಪಕ್ಕ.
ನಿನ್ನೆ ಹೋಗಲಿಲ್ಲ. ಮೊನ್ನೆ ಅರವತ್ತಕ್ಕೇ ಇಳಿದೆ.
ಇವತ್ತು ಕಡಲಿನಿಂದ ಮಂಜು ಎದ್ದು
ಬೀದಿಯ ಆಚೆ ಬದಿಯನ್ನೇ ಅಳಿಸಿದೆ.
ಬಾಗಿಲಾಚೆ ತುವೆರ್ಕಾ ಕೆರೆಯುತ್ತಿದೆ.
ಒಂದು ಕಾಲುಚೀಲ ಹಾಕಿದ್ದೇನೆ.
ಇನ್ನೊಂದು
ಕೈಯಲ್ಲಿದೆ.