ಕಾಲುಂಗುರ ಹೇಳಿದ್ದು

ಕಂಪನಿ ಕಾಗದದಾಗ ಬರದಾರ:
ಸೊನ್ನಿಯಿಂದ ನಲವತ್ತು ಡಿಗ್ರಿ, ಒಣ ಜಾಗಾ, ಶುದ್ಧ ಗಾಳಿ.
ಉಮದಿಯೊಳಗ ಚೈತ್ರದ ಮಧ್ಯಾಹ್ನ
ನಲವತ್ತು ಅಂದರ ನೆರಳಿನ ಲೆಕ್ಕ.
ಬೇದಾಣಿ ಶೆಡ್ಡಿನ ಪತ್ರಾ ಕೆಳಗ
ಎಷ್ಟು ಅಂತ ನಾ ಅಳದಿಲ್ಲ,
ಅಳಿಯೂ ಯಂತ್ರಕ್ಕೂ ಒಂದು ಕಾಗದ ಇರತದಲ್ಲ.

ಮೂರು ಸಲ ಬಿಚ್ಚೀನಿ ಆ ತಕ್ಕಡಿ.
ನನ್ನ ಅಂಗಡಿ ಟೇಬಲ್ಲಿನ ಮ್ಯಾಲ, ಮುಂಜಾನೆ, ಫ್ಯಾನಿನ ಗಾಳ್ಯಾಗ
ಕಿಲೋ ಕಲ್ಲಿಗೆ ಕಿಲೋ,
ಒಂದು ಗ್ರಾಂ ಅತ್ತಿತ್ತ ಇಲ್ಲ.
ಒಯ್ದು ಇಟ್ಟರ ಹತ್ತೇ ದಿನ.
ಖಾಲಿ ತಾಟಿಗೆ ಮೈನಸ್ ಮುನ್ನೂರು.

ಆರಸೂ ಹೆಣಮಕ್ಕಳ ಕೂಲಿ ತೂಕದ ಮ್ಯಾಲ.
ಡಬ್ಬಿಗೊಮ್ಮೆ ಮುನ್ನೂರು, ದಿನಕ್ಕ ಎಷ್ಟು ಡಬ್ಬಿ,
ಆ ಲೆಕ್ಕ ಅವರಿಗೆ ಬಾಯಿಪಾಠ.
ಮಾಲಕ ಚೌಗುಲೆ ಅಂದ,
"ಮಷೀನಿಗೆ ಸುಳ್ಳ ಹೇಳಾಕ ಬರತದೇನು?"
ನಾನೂ ಹಂಗ ಅಂದಿದ್ದೆ, ಮೊದಲನೇ ಸಲ.

ನಾಕನೇ ಸಲ ಅಲ್ಲೇ ಕೂತು ಬೋರ್ಡು ಹೊರಗ ತಗದೆ,
ಬಾಗಲ ಬೆಳಕಿಗೆ ಹಿಡದೆ.
ತಾಮ್ರದ ಗೆರಿ ಮಸಿ ಬಳದಂಗ.
ಸುಟ್ಟಿಲ್ಲ. ನೀರು ಬಿದ್ದಿಲ್ಲ.
ಬಾಜೂಕ ಕಡ್ಡಿ ಆರಸ್ತಿದ್ದ ಜಕ್ಕವ್ವ
ಕೈ ನಿಲ್ಲಸದ ಕಾಲು ಮುಂದ ಚಾಚಿದಳು:
"ನೋಡಪಾ, ಹುಣ್ಣಿವಿಗೆ ವಿಭೂತಿ ಹಚ್ಚಿ ತಿಕ್ಕೀನಿ ಉಂಗುರ,
ಅಮಾಸಿಗೆ ಮತ್ತ ಕರ್ರಗ.
ಗಂಧಕದ ಹೊಗಿ.
ನಿನ್ನ ಮಷೀನಿನೊಳಗೂ ಎಲ್ಯರೆ ಬೆಳ್ಳಿ ಇರಬೇಕು."

ಇತ್ತು.
ಸ್ವಿಚ್ಚಿನ ಬಾಯಾಗ, ಸಾಸಿವಿಯಷ್ಟು.
ದ್ರಾಕ್ಷಿಯ ಬಣ್ಣ ಕಾಯೂ ಹೊಗಿ
ಅದನ್ನ ಹುಡಕೊಂಡು ಹೋಗಿತ್ತು,
ಮೂರು ಸಲಕ್ಕೂ ನಾ ಹುಡುಕದ ಜಾಗಾಕ್ಕ.

ತಕ್ಕಡಿ ಈಗ ಹೊರಗ, ಬೇವಿನ ಕೆಳಗ.
ಹೊಗಿ ಹಾಕೂ ರಾತ್ರಿ ಜಕ್ಕವ್ವನ ಮನ್ಯಾಗ, ಜ್ವಾಳದ ಚೀಲದ ಬಾಜೂಕ.
ಕಾಗದ ಡಬ್ಬಿಯೊಳಗ ಹಂಗ ಅದ,
ಒಂದು ಮಗ್ಗಲ ಇಂಗ್ಲಿಷು, ಒಂದು ಮಗ್ಗಲ ಮರಾಠಿ.

ಯಾರು ಏನು ತಂದರೂ
ಏನಾತು ಅಂತ ಕೇಳೂದು ಬಿಟ್ಟೀನಿ.
ಎಲ್ಲಿ ಇಟ್ಟಿದ್ರಿ ಅಂತೀನಿ.
ಹಿಟ್ಟಿನ ಗಿರಣ್ಯಾಗರಿ, ಒಲಿ ಮ್ಯಾಲಿನ ಗೂಡಿನ್ಯಾಗರಿ,
ಎಮ್ಮಿ ಕಟ್ಟೂ ಕಡೆ, ಅಲ್ಲಿ ರೇಂಜ್ ಬರತದಲ್ರಿ.

ಮಗಳ ಹರದ ಕಾಲಗೆಜ್ಜಿಯ ಒಂದು ಗುಂಡಿಗೆ ದಾರ ಪೋಣಿಸಿ
ತಕ್ಕಡಿ ಕಿವಿಗೆ ತೂಗಬಿಟ್ಟಾಳ ಜಕ್ಕವ್ವ.
ಮೊನ್ನೆ ಫೋನು:
"ಆಚಿ ಶೆಡ್ಡಿನವರೂ ಹೊಗಿ ಸುರು ಮಾಡ್ಯಾರ.
ಗುಂಡು ಕಪ್ಪಾಗಲಾಕ ಹತ್ಯಾದ.
ತೂಕ ಇನ್ನೂ ಸರಿ ಅದ.
ಈಗ ಬಾ."